ಲೀಟರಿಗೆ ಹನ್ನೊಂದು

ಹದಿನಾರು ಕೊಡುತ್ತಿದ್ದ ಗಾಡಿ ಹನ್ನೊಂದಕ್ಕೆ ಇಳಿದಾಗ ನಾನು ಮೊದಲು ಬೈದದ್ದು ಪೆಟ್ರೋಲ್ ಹಾಕುವವರನ್ನು. ಆಮೇಲೆ ರಸ್ತೆಯನ್ನು. ಆಮೇಲೆ ಗಾಡಿಯನ್ನೇ, ಅಂಗಳದಲ್ಲಿ ನಿಂತು, ಮನುಷ್ಯರಿಗೆ ಬೈದ ಹಾಗೆ. ಕಟ್ಟಕಡೆಗೆ ನಿಜವಾಗಿಯೂ ಒಬ್ಬ ಮನುಷ್ಯನನ್ನು ಬೈದೆ. ಅದು ತಗಲಬಾರದ ಕಡೆ ತಗಲಿತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಗಾಡಿ ನಮ್ಮ ಮಾವನವರದು. ಇಪ್ಪತ್ತೈದು ವರ್ಷ ದಾಟಿದ ಸಣ್ಣ ಪೆಟ್ರೋಲ್ ಕಾರು. ಬಿಳಿ ಬಣ್ಣ ಅಂತ ಆರ್‌ಸಿ ಪುಸ್ತಕದಲ್ಲಿದೆ, ಆದರೆ ನವಲಗುಂದದ ಕಡೆಯ ಎರೆಮಣ್ಣಿನಲ್ಲಿ ಯಾವ ಗಾಡಿಯೂ ಬಿಳಿಯಾಗಿ ಉಳಿಯುವುದಿಲ್ಲ. ಮಾವನವರು ಹೋದ ಮೇಲೆ ಅದು ಎರಡು ವರ್ಷ ಅಂಗಳದಲ್ಲಿ ನಿಂತಿತ್ತು. ಕೋಳಿಗಳು ಅದರ ಕೆಳಗೆ ಮೊಟ್ಟೆ ಇಡುತ್ತಿದ್ದವು. ನನ್ನ ಗಂಡ ಬಸ್ಸಿನ ಕಂಡಕ್ಟರು, ದೂರದ ರೂಟು, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಅಣ್ಣಿಗೇರಿಯ ದಿಕ್ಕಿನಲ್ಲಿ ಹದಿನಾಲ್ಕು ಕಿಲೋಮೀಟರು ದೂರದ ಶಾಲೆ, ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಒಂದು ದಿನ ಹಟಕ್ಕೆ ಬಿದ್ದು ಗಾಡಿ ಹೊಡೆಯಲು ಕಲಿತೆ. ಕಲಿಸಿದವನು ನನ್ನ ಮೈದುನ.

ಅವನ ಬಗ್ಗೆ ಹೇಳಬೇಕು. ನನ್ನ ಗಂಡನ ತಮ್ಮ, ಮೂವತ್ತರ ಆಸುಪಾಸು, ಹೊಲ ನೋಡಿಕೊಳ್ಳುವವನು. ಮಾತು ಕಡಿಮೆ. ನಾನು ಕ್ಲಚ್ಚು ಬಿಟ್ಟು ಗಾಡಿಯನ್ನು ಹೊಲದ ಬದುವಿಗೆ ಹತ್ತಿಸಿದಾಗಲೂ ಅವನು ಬೈಯಲಿಲ್ಲ. "ಮತ್ತೊಮ್ಮಿ ಮಾಡ್ರಿ ವೈನಿ" ಅಂದ, ಅಷ್ಟೇ. ನಾನಾಗಿದ್ದರೆ ಕಲಿಯುವವರ ಕಿವಿ ಹರಿಯುವಂತೆ ಕೂಗುತ್ತಿದ್ದೆ. ನನಗೆ ತಾಳ್ಮೆ ಇಲ್ಲ, ಇದನ್ನು ನಾನೇ ಒಪ್ಪಿಕೊಳ್ಳುತ್ತೇನೆ. ನನ್ನ ತರಗತಿಯ ಮಕ್ಕಳು ಒಪ್ಪಿಕೊಳ್ಳುವುದು ಇನ್ನೂ ಜೋರಾಗಿ.

ಗಾಡಿ ನನ್ನ ಕೈಗೆ ಬಂದ ದಿನದಿಂದ ನಾನೊಂದು ರೂಢಿ ಇಟ್ಟುಕೊಂಡಿದ್ದೆ. ಟ್ಯಾಂಕು ತುಂಬಿ ಪೈಪು ಟಕ್ ಅಂತ ನಿಲ್ಲುವ ತನಕ ಹಾಕಿಸುವುದು, ಮೀಟರಿನ ಅಂಕಿ ಬರೆದುಕೊಳ್ಳುವುದು. ಮುಂದಿನ ಸಲ ಮತ್ತೆ ಟಕ್ ಅನ್ನುವ ತನಕ ಎಷ್ಟು ಲೀಟರು ಹಿಡಿಯಿತೋ ಅದರಿಂದ ಓಡಿದ ಕಿಲೋಮೀಟರನ್ನು ಭಾಗಿಸುವುದು. ಇದರಲ್ಲಿ ಮೋಸವಿಲ್ಲ, ಮುಲಾಜಿಲ್ಲ. ಎರಡು ವರ್ಷ ಹದಿನಾರು, ಹದಿನಾರೂವರೆ, ಒಮ್ಮೊಮ್ಮೆ ಹದಿನೇಳು. ಮುದಿ ಗಾಡಿಗೆ ಇದು ದೊಡ್ಡ ಮಾತು. ಸ್ಟಾಫ್ ರೂಮಿನಲ್ಲಿ ನಾನು ಇದನ್ನು ಎಷ್ಟು ಸಲ ಹೇಳಿಕೊಂಡಿದ್ದೆನೆಂದರೆ, ನಾನು ಬಾಯಿ ತೆರೆಯುವ ಮೊದಲೇ ಹಿಂದಿ ಮಾಸ್ತರರು "ಹದಿನಾರು" ಅನ್ನುತ್ತಿದ್ದರು.

ಕಳೆದ ಸುಗ್ಗಿಯ ಹೊತ್ತಿಗೆ ಅದು ಹದಿನಾಲ್ಕಾಯಿತು. ಚಳಿ ಇರಬಹುದು ಅಂದುಕೊಂಡೆ. ಹದಿಮೂರಾಯಿತು. ಪೆಟ್ರೋಲ್ ಹಾಕುವ ಜಾಗ ಬದಲಿಸಿದೆ. ಹನ್ನೊಂದಾಯಿತು. ಅವತ್ತು ಭಾಗಾಕಾರವನ್ನು ಮೂರು ಸಲ ಮಾಡಿದೆ, ಹಾಳೆ ಹರಿದು ನಾಲ್ಕನೇ ಸಲ ಮಾಡಿದೆ. ಹನ್ನೊಂದೇ.

ಅಲ್ಲಿಂದ ನನಗೆ ನೆಮ್ಮದಿ ಅನ್ನುವುದೇ ಇಲ್ಲ. ಗಾಡಿ ಓಡಿಸುವಾಗ ಕಿಟಕಿ ಇಳಿಸಿ ಮೂಗು ಹೊರಗೆ ಹಾಕಿ ಪೆಟ್ರೋಲ್ ವಾಸನೆ ಬರುತ್ತದೆಯೇ ನೋಡುವುದು. ನಿಲ್ಲಿಸಿದ ಕಡೆಯಲ್ಲೆಲ್ಲ ಬಗ್ಗಿ ನೆಲ ನೋಡುವುದು. ಪಾಠ ಹೇಳುವಾಗ ಹೊರಗೆ ಮೈದಾನದಲ್ಲಿ ನಿಂತ ಗಾಡಿಯ ಕಡೆಗೇ ಕಣ್ಣು. ಸಲಹೆ ಕೊಡುವವರಿಗೇನು ಬರವೇ? ಒಬ್ಬರು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿರಿ ಅಂದರು. ನಮ್ಮ ಕಡೆ ಇಳಿಜಾರು ಎಲ್ಲಿದೆ, ಗೋಲಿ ಇಟ್ಟರೆ ಉರುಳುವುದಿಲ್ಲ, ಅಂಥ ಸಪಾಟು ನೆಲ. ಇನ್ನೊಬ್ಬರು ಮುಂದಿನ ಚಕ್ರಕ್ಕೆ ನಿಂಬೆಹಣ್ಣು ಕೊಡಿರಿ ಅಂದರು. ಗಂಡ ಫೋನಿನಲ್ಲಿ "ಮಾರಿ ಬಿಡು, ಆ ಡಬ್ಬಿ ಇಟಗೊಂಡು ಏನ್ ಮಾಡ್ತಿ" ಅಂದ. ಅವನ ಕಿವಿಗೆ ಏನು ಬೀಳಬೇಕೋ ಅದು ಬಿತ್ತು.

ನವಲಗುಂದದ ಮಿಸ್ತ್ರಿ ಕಾಕಾ ಮಾವನವರ ಕಾಲದಿಂದ ಈ ಗಾಡಿಯನ್ನು ಬಲ್ಲವರು. ಬಿಳಿ ಗಡ್ಡ, ಬೆರಳ ತುದಿಗಳೆಲ್ಲ ಕಪ್ಪು. ಅವರ ಮುಂದೆ ಹೋಗಿ ನಿಂತು ಎಲ್ಲವನ್ನೂ ಒದರಿದೆ. ಅವರು ಕೇಳಿಸಿಕೊಂಡು ಮೊದಲು ಚಾ ತರಿಸಿದರು.

"ಅಕ್ಕೋರ, ಜಡ್ಡು ಒಂದ ಇರೂದಿಲ್ರಿ. ಸಣ್ಣ ಸಣ್ಣು ನಾಕ ಕೂಡಿ ಒಂದ ದೊಡ್ಡ ಜಡ್ಡ ಆಗಿರ್ತೈತಿ. ಗಡಿಬಿಡಿ ಮಾಡಬ್ಯಾಡ್ರಿ" ಅಂದರು.

ಶಾಲೆಯ ಶಿಕ್ಷಕಿಗೆ ನಮ್ಮಲ್ಲಿ ಅಕ್ಕೋರು ಅನ್ನುವುದು ವಾಡಿಕೆ. ಆದರೆ ಅವತ್ತು ಮಾಸ್ತರಿಕೆ ಮಾಡಿದವರು ಅವರೇ. ಮೊದಲು ಟೈರಿನ ಗಾಳಿ ನೋಡಿದರು. ಎರಡು ಟೈರು ಮೆತ್ತಗಾಗಿದ್ದವು. ನಾನು ವಿಜ್ಞಾನದವಳು, ಘರ್ಷಣೆಯ ಪಾಠವನ್ನು ವರ್ಷಕ್ಕೊಮ್ಮೆ ಹೇಳುತ್ತೇನೆ, ಗಾಳಿ ನೋಡಿಸಿ ಎರಡು ತಿಂಗಳಾಗಿತ್ತು. ಆಮೇಲೆ ಜಾಕು ಹಚ್ಚಿ ಒಂದೊಂದೇ ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿದರು. ಮೂರು ಸಲೀಸಾಗಿ ತಿರುಗಿದವು, ಹಿಂದಿನ ಎಡಗಡೆಯದು ಅರ್ಧ ಸುತ್ತಿಗೇ ನಿಂತಿತು. ಬ್ರೇಕು ಹಿಡಿದುಕೊಂಡೇ ಇತ್ತು. ಅಂದರೆ ನಾನು ಇಷ್ಟು ದಿನ ಒಂದು ಕಾಲನ್ನು ಎಳೆದುಕೊಂಡು ಓಡಿದ್ದೆ. ಪ್ಲಗ್ಗುಗಳನ್ನು ಬಿಚ್ಚಿ ತೋರಿಸಿದರು, ತುದಿ ಮಸಿಯಂತೆ ಕಪ್ಪಗಾಗಿತ್ತು. "ಗಾಳಿ ಸಾಲವಲ್ತು, ಎಣ್ಣಿ ಹೆಚ್ಚಾಗೈತಿ, ಪೂರಾ ಸುಡವಲ್ತು" ಅಂದರು.

ಗಾಳಿ ಸೋಸುವ ಫಿಲ್ಟರನ್ನು ಹೊರಗೆ ತೆಗೆದು ನೆಲಕ್ಕೆ ಕುಟ್ಟಿದಾಗ ದಪ್ಪಗೆ ದೂಳು ಬಿತ್ತು. ಮಿಸ್ತ್ರಿ ಕಾಕಾ ಅದರಲ್ಲಿ ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಉಜ್ಜಿದರು, ಮೂಸಿದರು, ನಾಲಿಗೆಯ ತುದಿಗೆ ಮುಟ್ಟಿಸಿದರು.

"ಇದು ರಸ್ತಾದ ದೂಳ ಅಲ್ರಿ ಅಕ್ಕೋರ. ಕಡ್ಲಿ ಹೊಟ್ಟು. ಹುಳಿ ಐತಿ ನೋಡ್ರಿ" ಅಂದರು.

ಅದರಲ್ಲಿ ನನಗೇನೂ ವಿಶೇಷ ಕಾಣಲಿಲ್ಲ. ನಮ್ಮ ಕಡೆ ಈಗ ಹೊಲದಲ್ಲಿ ಕಣ ಮಾಡುವವರು ಕಡಿಮೆ. ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ಕಣ. ಹುರುಳಿ, ಕುಸುಬಿ, ಕಡಲೆ ಯಾವುದಾದರೂ ಸರಿ, ಕಿತ್ತು ತಂದು ರಸ್ತೆಯ ಉದ್ದಕ್ಕೂ ಹಾಸಿಬಿಡುತ್ತಾರೆ. ಬಸ್ಸು, ಟ್ರ್ಯಾಕ್ಟರು, ಮದುವೆಯ ದಿಬ್ಬಣ, ಏನು ಬಂದರೂ ಅದರ ಮೇಲೆ ಹಾಯ್ದು ಹೋಗಬೇಕು, ಕಾಳು ಉದುರಬೇಕು. ನಾನೂ ದಿನಾ ಶಾಲೆಗೆ ಹೋಗುವಾಗ ಊರ ಮಂದಿಯ ಕಡಲೆಯನ್ನು ತುಳಿದೇ ಹೋಗುವವಳು. ಹೊಟ್ಟು ಹೊಕ್ಕಿರಬಹುದು, ಅದರಲ್ಲೇನು ಅಂದುಕೊಂಡೆ.

ಆದರೆ ನಮ್ಮ ಮನೆಯ ಬೆಳೆಯ ಮೇಲೆ ಮಾತ್ರ ಗಾಡಿ ಹತ್ತಿಸಬಾರದು ಅಂತ ನಾನೇ ಕಟ್ಟಪ್ಪಣೆ ಮಾಡಿದ್ದೆ. ಅದರ ಹಿಂದಿನ ವರ್ಷ ಮೈದುನ ಹುರುಳಿಯ ಮೇಲೆ ಇದೇ ಗಾಡಿಯನ್ನು ಹತ್ತಾರು ಸಲ ಓಡಿಸಿದ್ದ. ಬಳ್ಳಿ ಚಕ್ರದ ಒಳಗೆ ಸುತ್ತಿಕೊಂಡು, ಸೈಲೆನ್ಸರಿನ ಬಿಸಿ ತಾಗಿ ಹೊಗೆ ಎದ್ದಿತ್ತು. ಬೆಂಕಿ ಹತ್ತುವುದೊಂದು ಬಾಕಿ. ಅವತ್ತು ನಾನು ಮಾಡಿದ ಗದ್ದಲಕ್ಕೆ ಆಚೆ ಹೊಲದವರು ಕೆಲಸ ಬಿಟ್ಟು ಬಂದಿದ್ದರು. "ಇನ್ನೊಮ್ಮಿ ಈ ಗಾಡಿ ಹೊಟ್ಟಿನ ಮ್ಯಾಲ ಹತ್ತಿದ್ರ ನನ್ನಷ್ಟು ಕೆಟ್ಟಾಕಿ ಯಾರೂ ಇಲ್ಲ" ಅಂದಿದ್ದೆ. ಅವನು ತಲೆ ಆಡಿಸಿದ್ದ. ಮುಗಿದ ಮಾತು ಅಂತ ನಾನು ತಿಳಿದಿದ್ದೆ.

ಹೊಸ ಫಿಲ್ಟರು, ಹೊಸ ಪ್ಲಗ್ಗು, ಬ್ರೇಕು ಬಿಚ್ಚಿ ಗ್ರೀಸು, ಕಾರ್ಬ್ಯುರೇಟರು ತೊಳೆದು ಚೋಕು ಸರಿ ಮಾಡಿದ್ದು, ಎಲ್ಲ ಆಯಿತು. ಗಾಡಿ ನಿಜವಾಗಿಯೂ ಹಗುರಾಗಿ ಓಡತೊಡಗಿತು. ನಾನು ಕುಣಿಯುವುದೊಂದು ಬಾಕಿ. ಮುಂದಿನ ಸಲ ಟ್ಯಾಂಕು ತುಂಬಿಸಿ ಭಾಗಿಸಿದೆ. ಹನ್ನೆರಡು.

ಅಷ್ಟೆಲ್ಲಾ ಮಾಡಿ ಬರೀ ಒಂದು ಏರಿತ್ತು. ಮತ್ತೆ ಹೋದೆ. ಮಿಸ್ತ್ರಿ ಕಾಕಾ ಗಾಡಿಯನ್ನು ಸ್ವತಃ ಅಣ್ಣಿಗೇರಿಯ ರಸ್ತೆಗೆ ಓಡಿಸಿಕೊಂಡು ಹೋಗಿ ಬಂದು, ಬಾನೆಟ್ಟು ಮುಚ್ಚಿ ಅದರ ಮೇಲೆ ಕೈ ಇಟ್ಟರು. "ಗಾಡಿಗೆ ಇನ್ನ ಏನೂ ಜಡ್ಡಿಲ್ರಿ. ಅಗದಿ ಚೊಲೋ ಐತಿ. ಮನ್ಯಾಗ ಯಾರ್ ಹೊಡೀತಾರ, ಹೆಂಗ ಹೊಡೀತಾರ, ಅದೊಂದಿಷ್ಟು ನೋಡ್ರಿ" ಅಂದರು. ಅವರು ಹೇಳಿದ್ದು ಅಷ್ಟೇ. ನನ್ನ ತಲೆ ಅದರಿಂದ ಮಾಡಿಕೊಂಡದ್ದು ಬೇರೆ.

ಮನೆಯಲ್ಲಿ ಗಾಡಿ ಹೊಡೆಯುವವರು ನಾನು ಬಿಟ್ಟರೆ ಮೈದುನ. ಬೆಳಿಗ್ಗೆ ಆರಕ್ಕೆ ಅವನು ಅತ್ತೆಯನ್ನು ಗಾಡಿಯಲ್ಲಿ ಕೂಡಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದ. ಎಮ್ಮೆ ಅಲ್ಲೇ ಶೆಡ್ಡಿನಲ್ಲಿ. ಅತ್ತೆ ಹಾಲು ಹಿಂಡುವಷ್ಟರಲ್ಲಿ ಅವನು ಬೋರಿನ ನೀರಿನಲ್ಲಿ ಗಾಡಿ ತೊಳೆದು, ಏಳೂವರೆಗೆ ಇಬ್ಬರೂ ವಾಪಸು. ಹೋಗಲು ಅರ್ಧ ಕಿಲೋಮೀಟರು, ಬರಲು ಅರ್ಧ. ನಾನು ಆ ಹೊತ್ತಿಗೆ ರೊಟ್ಟಿ ಬಡಿಯುತ್ತಿರುತ್ತಿದ್ದೆ. ತೊಳೆದ ಗಾಡಿ ಬಾಗಿಲಿಗೆ ಬಂದು ನಿಲ್ಲುವುದನ್ನು ನೋಡಿ ಇಂಥ ಮೈದುನ ಯಾರಿಗುಂಟು ಅಂತ ಎಷ್ಟೋ ದಿನ ಹಿಗ್ಗಿದ್ದೆ.

ಮರುದಿನ ಅವನು ಹೊರಡುವ ಮೊದಲು ಮೀಟರು ಬರೆದುಕೊಂಡೆ, ಪೆಟ್ರೋಲಿನ ಮುಳ್ಳು ಎಲ್ಲಿದೆ ಅಂತ ಗಾಜಿನ ಮೇಲೆ ಕುಂಕುಮದ ಚುಕ್ಕೆ ಇಟ್ಟೆ. ಬಂದ ಮೇಲೆ ನೋಡಿದೆ. ಓಡಿದ್ದು ಸರಿಯಾಗಿ ಒಂದು ಕಿಲೋಮೀಟರು. ಮುಳ್ಳು ಚುಕ್ಕೆಯಿಂದ ಕೆಳಗೆ ಸರಿದಿತ್ತು. ನಾಲ್ಕು ದಿನ ನೋಡಿದೆ. ನಾಲ್ಕು ದಿನವೂ ಒಂದೇ ಕಿಲೋಮೀಟರು, ಮುಳ್ಳು ಮಾತ್ರ ದಿನಾ ಕೆಳಗೆ. ಗಾಡಿ ಓಡದೆ ಎಣ್ಣೆ ಹೋಗಬೇಕೆಂದರೆ ಟ್ಯಾಂಕಿನಿಂದ ತೆಗೆಯಬೇಕು. ಹೊಲದ ಶೆಡ್ಡಿನಲ್ಲಿ ಅವನ ಮೋಟರ್ ಸೈಕಲ್ಲು ಇರುತ್ತಿತ್ತು. ಔಷಧ ಹೊಡೆಯುವ ಪಂಪಿನ ಉದ್ದನೆಯ ಪೈಪು ಅಲ್ಲೇ ಗೋಡೆಗೆ ತೂಗಿತ್ತು. ಇನ್ನೇನು ಬೇಕು?

ಕೇಳಬಹುದಿತ್ತು. ಒಳಗೆ ಕರೆದು, ತಮ್ಮಾ, ಇದೇನು ಅಂತ ಕೇಳಬಹುದಿತ್ತು. ಐದನೆಯ ದಿನ ಗಾಡಿ ಬಂದು ನಿಂತಾಗ ಎದುರಿನ ನಳದ ಹತ್ತಿರ ಓಣಿಯ ಮೂವರು ಹೆಂಗಸರು ಕೊಡ ಹಿಡಿದು ನಿಂತಿದ್ದರು. ನನ್ನ ಕೈಯಲ್ಲಿ ರೊಟ್ಟಿಯ ಹಿಟ್ಟು ಇನ್ನೂ ಇತ್ತು. ಮುಳ್ಳು ನೋಡಿದೆ, ನೆತ್ತಿಗೇರಿತು.

"ಇಷ್ಟ ದಿನಾ ಗಾಡಿ ಕುಡೀತೈತಿ ಅಂತ ಮಿಸ್ತ್ರಿ ಕಡೆ ಒಯ್ದದ್ದ ಒಯ್ದೆ. ಗಾಡಿ ಕುಡ್ಯಾಕತ್ತಿಲ್ಲ. ಮನ್ಯಾನ ಮನಷ್ಯಾನ ಮೋಟರ್ ಸೈಕಲ್ ಕುಡ್ಯಾಕತ್ತೈತಿ. ಕೇಳಿದ್ರ ನಾನ ಹಾಕಸ್ತಿದ್ನೆಲ್ಲೋ, ಕದಿಯೂದು ಯಾಕ ಬೇಕಿತ್ತು?" ಅಂದೆ. ಮೆಲ್ಲಗೆ ಅನ್ನಲಿಲ್ಲ.

ಅವನು ಹಾಲಿನ ಕೊಡಪಾನ ಇಳಿಸುತ್ತಿದ್ದವನು ಹಾಗೇ ನಿಂತ. "ನಾ ಮುಟ್ಟಿಲ್ರಿ ವೈನಿ" ಅಂದ. ಅತ್ತೆ ಗಾಡಿಯಿಂದ ಅರ್ಧ ಇಳಿದಿದ್ದರು. "ಏ, ನಾ ಹೇಳ್ತೀನಿ..." ಅಂತ ಬಾಯಿ ತೆರೆದರು. ಅವನು ತಿರುಗಿ "ಯವ್ವಾ, ಸುಮ್ನಿರು ಬೇ. ನನ್ನ ಆಣಿ ಐತಿ" ಅಂದ. ಅತ್ತೆ ಬಾಯಿ ಮುಚ್ಚಿದರು. ತಾಯಿ ಮಗನ ತಪ್ಪನ್ನು ಮುಚ್ಚಿಹಾಕುತ್ತಿದ್ದಾಳೆ ಅಂತ ನನಗೆ ಇನ್ನಷ್ಟು ಉರಿಯಿತು. ನಳದ ಹತ್ತಿರ ಕೊಡ ತುಂಬಿ ಚೆಲ್ಲುತ್ತಿತ್ತು, ಯಾರೂ ನಳ ಬಂದ್ ಮಾಡಲಿಲ್ಲ.

ಅವನು ಗಾಡಿಯ ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ಹಾಕಿ ಹೋದ. ಮರುದಿನದಿಂದ ತಾಯಿ ಮಗ ಇಬ್ಬರೂ ಹೊಲಕ್ಕೆ ನಡೆದೇ ಹೋದರು. ನನ್ನ ಗಾಡಿ ತೊಳೆಯದೆ ನಿಂತಿತು. ಅವನು ನನ್ನ ಜೊತೆ ಮಾತು ಬಿಟ್ಟ ಅನ್ನುವಂತಿಲ್ಲ, ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದ, ಊಟಕ್ಕೆ ಮಾತ್ರ ಬುತ್ತಿ ಕಟ್ಟಿಕೊಂಡು ಹೊಲಕ್ಕೇ ಹೋಗುತ್ತಿದ್ದ. ನಾಲ್ಕನೆಯ ದಿನ ಅಣ್ಣನಿಗೆ ಫೋನು ಮಾಡಿ, ಕಲಘಟಗಿಯ ಕಡೆ ದೇವಿಕೊಪ್ಪದಲ್ಲಿ ಒಬ್ಬರ ಟೆಂಪೊ ಓಡಿಸುವ ಕೆಲಸವಿದೆ, ಕಡಲೆ ಚೀಲ ತುಂಬಿದ ಮೇಲೆ ಸೋಮವಾರ ಹೋಗುತ್ತೇನೆ ಅಂತ ಹೇಳಿದ. ಹೊಲ? ಯಾರಿಗಾದರೂ ಲಾವಣಿಗೆ, ಗೇಣಿಗೆ ಕೊಡಿರಿ ಅಂದ. ಹುಟ್ಟಿದಾಗಿನಿಂದ ಆ ಮನೆ ಬಿಟ್ಟು ಒಂದು ವಾರ ಎಲ್ಲೂ ಇರದವನು.

ಅವನು ಕೀಲಿ ಬಿಟ್ಟ ದಿನವೇ ತುಂಬಿಸಿದ್ದ ಟ್ಯಾಂಕನ್ನು ಶನಿವಾರ ಶಾಲೆಯಿಂದ ಬರುವಾಗ ಮತ್ತೆ ತುಂಬಿಸಿದೆ. ಭಾಗಿಸಿದೆ. ಹದಿನಾರು.

ನೋಡಿರಿ, ಅಂಕಿ ನನ್ನ ಕಡೆಗೇ ಇತ್ತು. ಅವನು ಕೀಲಿ ಬಿಟ್ಟ ದಿನದಿಂದ ಸೋರಿಕೆ ನಿಂತಿತ್ತು. ಇದಕ್ಕಿಂತ ದೊಡ್ಡ ಪುರಾವೆ ಯಾವ ನ್ಯಾಯಾಲಯಕ್ಕೆ ಬೇಕು? ಗೆದ್ದೆ ಅನ್ನಿಸಬೇಕಿತ್ತು. ಒಂದು ಗಳಿಗೆ ಅನ್ನಿಸಿತು ಕೂಡ, ಸುಳ್ಳು ಹೇಳುವುದಿಲ್ಲ. ಆದರೆ ಮನೆಗೆ ಬಂದು ಮುಟ್ಟುವಷ್ಟರಲ್ಲಿ ಅದು ಉಳಿಯಲಿಲ್ಲ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಚಾ ಇಟ್ಟೆ, ಕುಡಿಯಲಿಲ್ಲ. ಹೊಲದ ಪೈಪು ನೆನಪಾಯಿತು. ಅದನ್ನು ನಾನು ಮೂಸಿ ನೋಡಿಯೇ ಇರಲಿಲ್ಲ. ಮೂಸಿದ್ದರೆ ಗೊತ್ತಾಗುತ್ತಿತ್ತು. ಮಕ್ಕಳಿಗೆ ಪ್ರಯೋಗ ಮಾಡಿ ನೋಡದೆ ಬರೆಯಬೇಡಿರಿ ಅಂತ ಹೇಳುವವಳು ನಾನೇ.

ಭಾನುವಾರ ಬೆಳಿಗ್ಗೆ ಅತ್ತೆ ಬಂದು ಬಾಗಿಲಲ್ಲಿ ನಿಂತರು. ಅರವತ್ತು ದಾಟಿದವರು, ಗಿಡ್ಡ ಆಳು, ಹಣೆಯ ತುಂಬ ವಿಭೂತಿ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಕಟ್ಟಿದ್ದರು. ಮೊಳೆಯಿಂದ ಕೀಲಿ ತೆಗೆದರು.

"ಬಾ ಇಲ್ಲೆ. ಗಾಡ್ಯಾಗ ಕುಂದ್ರು" ಅಂದರು.

"ಎಲ್ಲಿಗೆ ಅತ್ತೀ? ನಿಂದರ್ರಿ, ಕೀಲಿ ಕೊಡ್ರಿ, ನಾ ಹೊಡೀತೀನಿ" ಅಂದೆ.

"ನೀ ಬಾಜೂಕ ಕುಂದ್ರು. ಬಾಯಿ ಮುಚಗೊಂಡು ಕುಂದ್ರು. ಅಷ್ಟ ಮಾಡು."

ಅವರು ಚಾಲಕರ ಸೀಟಿನಲ್ಲಿ ಕೂತರು. ಸೀಟಿನ ಮೇಲೆ ಮಡಿಚಿದ ಕೌದಿ ಇಟ್ಟುಕೊಂಡು, ಅದರ ಮೇಲೆ. ಚೋಕು ಎಳೆದರು. ಕ್ಲಚ್ಚು ಒತ್ತಿ, ಗೇರು ನ್ಯೂಟ್ರಲ್ಲಿನಲ್ಲಿದೆಯೇ ಅಂತ ಕೈಯಿಂದ ಅಲ್ಲಾಡಿಸಿ ನೋಡಿ, ಕೀಲಿ ತಿರುಗಿಸಿದರು. ಗಾಡಿ ಎದ್ದಿತು. ನಾನು ಬಾಯಿ ತೆರೆದವಳು ತೆರೆದ ಹಾಗೇ ಕೂತೆ. ನಳದ ಹತ್ತಿರ ಅದೇ ಮೂವರು ಹೆಂಗಸರು ಇದ್ದರು. ಅತ್ತೆ ಅವರ ಮುಂದೆಯೇ ಗಾಡಿಯನ್ನು ಮೆಲ್ಲಗೆ ಓಣಿಯಿಂದ ಹೊರಗೆ ತಂದರು. ಒಬ್ಬಾಕೆ "ಯಪ್ಪಾ!" ಅಂದದ್ದು ಕೇಳಿಸಿತು.

ನಮ್ಮ ಹೊಲದ ಬಾಜು ಹಾಯುವ ಸಣ್ಣ ಡಾಂಬರು ರಸ್ತೆ ನಮ್ಮ ಹೊಲಕ್ಕೇ ಮುಗಿಯುತ್ತದೆ, ಆ ಕಡೆ ಬರುವ ಗಾಡಿಗಳೇ ಇಲ್ಲ. ಅದಕ್ಕೇ ನಮ್ಮ ಬೆಳೆಯನ್ನು ತುಳಿಯಲು ಯಾರೂ ಸಿಗುವುದಿಲ್ಲ. ಅಲ್ಲಿ ಕಡಲೆಯನ್ನು ನೂರು ಹೆಜ್ಜೆ ಉದ್ದಕ್ಕೆ ಹಾಸಿತ್ತು. ಮೈದುನ ಕೋಲಿನಿಂದ ತಿರುವಿ ಹಾಕುತ್ತಿದ್ದ. ತಾಯಿಯ ಕೈಯಲ್ಲಿ ಸ್ಟೇರಿಂಗ್ ನೋಡಿ, ಪಕ್ಕದಲ್ಲಿ ನನ್ನನ್ನು ನೋಡಿ, ಕೋಲು ಊರಿ ನಿಂತುಬಿಟ್ಟ.

ಅತ್ತೆ ಮೊದಲ ಗೇರಿನಲ್ಲಿ ಕಡಲೆಯ ಮೇಲೆ ಹತ್ತಿಸಿದರು. ಗಾಡಿ ಏದುಸಿರು ಬಿಡುತ್ತ, ಚರಚರ ಅಂತ ಕಾಯಿ ಒಡೆಯುತ್ತ, ಆ ತುದಿಯ ತನಕ ಹೋಯಿತು. ನಿಲ್ಲಿಸಿದರು. ರಿವರ್ಸ್ ಹಾಕಿದರು. ಬಲಗೈಯಲ್ಲಿ ಸ್ಟೇರಿಂಗು, ಎಡಗೈ ನನ್ನ ಸೀಟಿನ ಹಿಂದೆ, ಮುಖ ಹಿಂದಿನ ಗಾಜಿನ ಕಡೆ. ಒಂದು ಗೆರೆ ಅತ್ತಿತ್ತ ಆಗದಂತೆ ನೂರು ಹೆಜ್ಜೆ ಹಿಂದಕ್ಕೆ ತಂದರು. ನನಗೆ ಇವತ್ತಿಗೂ ಅಷ್ಟು ನೆಟ್ಟಗೆ ರಿವರ್ಸ್ ಬರುವುದಿಲ್ಲ.

ಆಗ ನನ್ನ ಕಣ್ಣು ಮೀಟರಿನ ಮೇಲೆ ಬಿತ್ತು. ಹಳೆಯ ಕಾಲದ ಮೀಟರು ಅದು, ಅಂಕಿಯ ಗಾಲಿಗಳು ತಂತಿಯಿಂದ ತಿರುಗುವಂಥದು. ಮುಂದೆ ಹೋಗುವಾಗ ಕಿಲೋಮೀಟರಿನ ಹತ್ತನೇ ಒಂದು ಭಾಗ ತೋರಿಸುವ ಕೊನೆಯ ಗಾಲಿ ನಾಲ್ಕನ್ನು ಬಿಟ್ಟು ಐದರ ಹತ್ತಿರ ಬಂದಿತ್ತು. ಹಿಂದೆ ಬರುವಾಗ ಅದು ಐದನ್ನು ಬಿಟ್ಟು ಮೆಲ್ಲಗೆ ನಾಲ್ಕಕ್ಕೇ ವಾಪಸು ಉರುಳಿತು. ಮತ್ತೆ ಮುಂದೆ, ಮತ್ತೆ ಏರಿತು. ಮತ್ತೆ ಹಿಂದೆ, ಮತ್ತೆ ಇಳಿಯಿತು. ಹೀಗೆ ಮುಂಜಾನೆಯ ತುಂಬ ಗಾಡಿ ಓಡಿದರೂ ಮೀಟರಿನ ಪ್ರಕಾರ ಅದು ನಿಂತಲ್ಲೇ ನಿಂತಿತ್ತು. ಎಣ್ಣೆ ಮಾತ್ರ, ಮೊದಲ ಗೇರಿನಲ್ಲಿ, ಮೊಳಕಾಲುದ್ದ ಹೊಟ್ಟಿನ ಮೇಲೆ, ಸುರಿದ ಹಾಗೆ ಹೋಗುತ್ತಿತ್ತು.

ಅತ್ತೆ ಗಾಡಿ ನಿಲ್ಲಿಸಿ ಕೈ ಬ್ರೇಕು ಎಳೆದರು.

"ದೀಪಾವಳಿ ಮುಗದ ಮ್ಯಾಲಿಂದ ಕಲ್ಯಾಕತ್ತೀನಿ. ಮೊದಲ ಹುರಳಿ ಮ್ಯಾಲ, ಆಮ್ಯಾಲ ಇದರ ಮ್ಯಾಲ. ಹೊಟ್ಟಿನ ಮ್ಯಾಲಾದ್ರ ಗಾಡಿ ಜೋರ ಓಡೂದಿಲ್ಲ, ಅಂಜಿಕಿ ಇರೂದಿಲ್ಲ. ಕಾಳೂ ಉದರ್ತಾವ. ದಿನಾ ಒಂದ ತಾಸ ಹೊಡದೀನಿ. ಹಾಲ ಹಿಂಡಿದಾಂವ ಅಂವಾ" ಅಂದರು.

"ನನಗ ಯಾಕ ಹೇಳಲಿಲ್ರಿ ಅತ್ತೀ?"

"ನಿಮ್ಮ ಮಾವ ಇರೂತನಾ ನಾ ಹಿಂದಿನ ಸೀಟಿನ್ಯಾಗ ಕುಂತು ಅವರ ಹೆಡಕ ನೋಡೀನಿ. ನೀ ಬಂದಿ, ಅದ ಗಾಡಿ ಹೊಡದಿ. ಹೆಣ್ಣಮಗಳು ಹೊಡೀತಾಳಲ್ಲ, ನನಗೂ ಬರ್ತೈತೇನು ಅನಿಸ್ತು. ನಿನ್ನ ಕಡೆನ ಕಲೀಬೇಕಂದೆ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಆದ್ರ ನೀ ಒದರ್ತಿ ಬೇ. ನನಗ ನಿನ್ನ ಅಂಜಿಕಿ. ಹೊಟ್ಟಿನ ಮ್ಯಾಲ ಹತ್ತಿಸಬ್ಯಾಡ ಅಂದಿದ್ದಿ, ಹತ್ತಿಸೀವಿ ಅಂತ ಹೇಳೂದು ಹೆಂಗ? ನನ್ನ ಹೆಸರ ಹೇಳಿದ್ರ ಓಣ್ಯಾಗ ಮುದಕಿಗೆ ಹುಚ್ಚ ಹಿಡದೈತಿ ಅಂತ ನಗ್ತಾರಂತ ಅಂವಾ ಆಣಿ ಹಾಕಿದಾ. ಎಂಟ ದಿನಾ ನನಗ ರೊಟ್ಟಿ ಗಂಟಲಾಗ ಇಳದಿಲ್ಲ. ಇವತ್ತ ಮುರದೆ. ನಗಲಿ ಅವರು. ನನ್ನ ಮಗನ್ನ ಕಳ್ಳ ಅನಿಸಿ ನಾ ಏನ್ ಗಾಡಿ ಹೊಡೀಲಿ?"

ನಾನು ಅತ್ತುಬಿಟ್ಟೆ. ಸುಮ್ಮನೆ ಹನಿಗಣ್ಣಾಗಿ ಅಲ್ಲ, ಬಿಕ್ಕಿ ಬಿಕ್ಕಿ, ಡ್ಯಾಶ್‌ಬೋರ್ಡಿಗೆ ಹಣೆ ಹಚ್ಚಿ. ಕಡಲೆಯ ಹುಳಿ ದೂಳು ಮೂಗಿಗೆ ಹೊಕ್ಕು ಕೆಮ್ಮು ಬೇರೆ. ಮಿಸ್ತ್ರಿ ಕಾಕಾ ಅದನ್ನು ನಾಲಿಗೆಗೆ ಮುಟ್ಟಿಸಿ ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ, ಮೂಸಲೂ ಇಲ್ಲ, ಯೋಚಿಸಲೂ ಇಲ್ಲ.

ಇಳಿದು ಮೈದುನನ ಹತ್ತಿರ ಹೋದೆ. ಏನು ಹೇಳಬೇಕೆಂದು ಹುಡುಕಿಕೊಂಡು ಹೋಗಿರಲಿಲ್ಲ. "ತಪ್ಪಾತು ತಮ್ಮಾ. ನಂದು ನಾಲಿಗಿ ಅಲ್ಲ, ಕುಡಗೋಲು. ತಪ್ಪಾತು" ಅಂದೆ.

"ಆತು ಬಿಡ್ರಿ ವೈನಿ" ಅಂದ. ಕೋಲಿನಿಂದ ಕಡಲೆ ತಿರುವತೊಡಗಿದ.

"ದೇವಿಕೊಪ್ಪಕ್ಕ ಹೋಗಬ್ಯಾಡೋ."

"ಅವರಿಗೆ ಮಾತ ಕೊಟ್ಟೀನ್ರಿ." ಆಮೇಲೆ, ನನ್ನ ಕಡೆ ನೋಡದೆ, ಸಿಟ್ಟಿಲ್ಲದೆ ಹೇಳಿದ: "ಮೀಟರ್ ಹೇಳಿದ್ದು ಕೇಳಿದ್ರಿ. ಮಿಸ್ತ್ರಿ ಹೇಳಿದ್ದು ಕೇಳಿದ್ರಿ. ನಾ ಮುಟ್ಟಿಲ್ಲ ಅಂತ ನಾನೂ ಹೇಳಿದ್ನಲ್ರಿ."

ಅವನು ತಿರುವಿದ ಕಡಲೆಯನ್ನು ನಾನು ಕೈಯಿಂದಲೇ ಹರಡತೊಡಗಿದೆ.

ಸೋಮವಾರ ಬೆಳಿಗ್ಗೆ ಅವನು ಚೀಲ ಹಿಡಿದು ಹೊರಬಿದ್ದಾಗ ನಾನು ನಳದ ಹತ್ತಿರ ಹೋಗಿ ನಿಂತೆ. ಅವತ್ತು ಕೇಳಿಸಿಕೊಂಡಿದ್ದ ಮೂವರಿಗೂ ಕೇಳುವಂತೆ, ಅವತ್ತಿನಷ್ಟೇ ಜೋರಾಗಿ, ನನ್ನ ಮೈದುನ ಒಂದು ಹನಿ ಮುಟ್ಟಿರಲಿಲ್ಲ, ನಾನು ಸುಳ್ಳು ಹೊರಿಸಿದ್ದೆ ಅಂತ ಹೇಳಿದೆ. ಅವರು "ಅಯ್ಯ, ಹೋಗ್ಲಿ ಬಿಡ್ರಿ ಅಕ್ಕೋರ, ಮನ್ಯಾಗ ಬರೂದ ಇವೆಲ್ಲ" ಅಂದರು. ಅವನು ತಲೆ ಬಗ್ಗಿಸಿಕೊಂಡು ಹೊರಟ. ಗಾಡಿಯಲ್ಲಿ ಬಸ್ ಸ್ಟ್ಯಾಂಡಿನ ತನಕ ಬಿಡುತ್ತೇನೆ ಅಂದೆ. ಬೇಡ ಅಂದ.

ಅತ್ತೆ ಈಗ ಲೈಸನ್ಸು ತೆಗೆದುಕೊಂಡಿದ್ದಾರೆ. ಪರೀಕ್ಷೆಯ ದಿನ ರಿವರ್ಸ್ ನೋಡಿ ಅಲ್ಲಿನ ಸಾಹೇಬರು ಇದನ್ನು ಎಲ್ಲಿ ಕಲಿತಿರಿ ಅಂತ ಕೇಳಿದರಂತೆ, ಇವರು ಕಡಲೆಯ ಮೇಲೆ ಅಂದರಂತೆ. ಮುಂದೆ ದೊಡ್ಡ ರಸ್ತೆಯಲ್ಲಿ ಕಲಿಯುವಾಗ ಪಕ್ಕದಲ್ಲಿ ನಾನು ಕೂರುತ್ತಿದ್ದೆ. ಒದರಲಿಲ್ಲ. ಒದರಲು ಬಾಯಿಗೆ ಬಂದಾಗಲೆಲ್ಲ ಕಿಟಕಿಯ ಹೊರಗೆ ನೋಡುತ್ತಿದ್ದೆ. ಕಡಲೆಯನ್ನು ಈ ವರ್ಷ ಬಾಡಿಗೆಯ ಟ್ರ್ಯಾಕ್ಟರಿನಿಂದ ತುಳಿಸಿದೆವು. ಗಾಡಿ ಹದಿನಾರು ಕೊಡುತ್ತಿದೆ, ಒಮ್ಮೆ ಹದಿನೇಳನ್ನೂ ಕೊಟ್ಟಿತು. ಸ್ಟಾಫ್ ರೂಮಿನಲ್ಲಿ ಹಿಂದಿ ಮಾಸ್ತರರು ಎಷ್ಟಾಯಿತು ಅಂತ ಕೇಳಿದರೆ ನೋಡಿಲ್ಲ ಅನ್ನುತ್ತೇನೆ.

ಮೈದುನ ತಿಂಗಳಿಗೊಮ್ಮೆ ಬರುತ್ತಾನೆ. ನನ್ನ ಕೈಯ ರೊಟ್ಟಿ ತಿನ್ನುತ್ತಾನೆ, ಎಣ್ಣೆಗಾಯಿ ಇನ್ನಷ್ಟು ಹಾಕಿರಿ ಅನ್ನುತ್ತಾನೆ, ತಾಯಿಯ ಗಾಡಿಯ ಕಥೆ ಕೇಳಿ ನಗುತ್ತಾನೆ. ಸಿಟ್ಟಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ನನಗೂ ಹಾಗೇ ಕಾಣುತ್ತದೆ. ಕಳೆದ ಸಲ ಬಂದಾಗ ಹೊಲಕ್ಕೆ ಹಿಂಡಿಯ ಚೀಲ ಒಯ್ಯಬೇಕಿತ್ತು. ಐವತ್ತು ಕಿಲೋ ಭಾರ. ಕೀಲಿ ಅದೇ ಮೊಳೆಯ ಮೇಲೆ, ಅವನ ಹೆಗಲಿನ ಹತ್ತಿರವೇ ಇತ್ತು.

"ಗಾಡಿ ತಗೊಂಡ ಹೋಗೋ ತಮ್ಮಾ, ಕೀಲಿ ಅಲ್ಲೇ ಐತಿ ನೋಡು" ಅಂದೆ.

"ಇಲ್ಲೇ ಐತಲ್ರಿ ಹೊಲಾ. ನಡಕೋಂತ ಹೋಗ್ತೀನಿ ವೈನಿ" ಅಂದ. ನಗುತ್ತಲೇ ಅಂದ. ಚೀಲವನ್ನು ಬೆನ್ನಿಗೆ ಏರಿಸಿಕೊಂಡು, ತೊಳೆದು ನಿಲ್ಲಿಸಿದ್ದ ಗಾಡಿಗೆ ಚೀಲ ತಾಗದಂತೆ ಸುತ್ತು ಹಾಕಿ ಹೊರಟ.